ಸೆಕೆಂಡ್ ಹ್ಯಾಂಡ್ ಚಿಕ್ಕ ಲಕ್ಷುರಿ ಎಸ್‌ಯುವಿ: ಎಕ್ಸ್1, ಕ್ಯೂ3, ಜಿಎಲ್‌ಎ, ಎಕ್ಸ್‌ಸಿ40, ಎನ್‌ಎಕ್ಸ್‌ಗಳಲ್ಲಿ ನಿಮಗೆ ಹೊಂದುವುದು ಯಾವುದು?

ಐದಾರು ವರ್ಷ ಓಡಿದ ಲಕ್ಷುರಿ ಕಾರಿನ ಬೆಲೆ ಹೊಸದರ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿರುತ್ತದೆ. ಅದರ ಎಲ್‌ಇಡಿ ಹೆಡ್‌ಲೈಟಿನ ಬೆಲೆ ಮಾತ್ರ ಒಂದು ಕಾಸೂ ಇಳಿದಿರುವುದಿಲ್ಲ. ಹಳೇ ಲಕ್ಷುರಿ ಕಾರು ಕೊಂಡು ಕೈ ಸುಟ್ಟುಕೊಂಡವರಿಗೂ, ಕೊಂಡು ಹತ್ತು ವರ್ಷ ನೆಮ್ಮದಿಯಾಗಿ ಓಡಿಸಿದವರಿಗೂ ಇರುವ ವ್ಯತ್ಯಾಸ ಬಹುಪಾಲು ಇಲ್ಲೇ ಇದೆ. ಮೊದಲಿನವರು ಬಾನೆಟ್ ಮೇಲಿನ ಲಾಂಛನ ನೋಡಿ ಆರಿಸಿದರು, ಎರಡನೆಯವರು ಬಾನೆಟ್ ಕೆಳಗಿನ ಇಂಜಿನ್ ಕೋಡ್ ಮತ್ತು ಗೇರ್‌ಬಾಕ್ಸ್ ನೋಡಿ ಆರಿಸಿದರು.

ಇಲ್ಲಿ ಹೋಲಿಸುತ್ತಿರುವುದು ಬಿಎಂಡಬ್ಲ್ಯೂ ಎಕ್ಸ್1, ಆಡಿ ಕ್ಯೂ3, ಮರ್ಸಿಡಿಸ್ ಜಿಎಲ್‌ಎ, ವೋಲ್ವೋ ಎಕ್ಸ್‌ಸಿ40 ಮತ್ತು ಲೆಕ್ಸಸ್ ಎನ್‌ಎಕ್ಸ್. ಕೊನೆಯಲ್ಲಿ ರೇಂಜ್ ರೋವರ್ ಇವೋಕ್ ಬಗ್ಗೆ ನಾಲ್ಕು ಮಾತು, ಏಕೆಂದರೆ ಅದರ ಆಕಾರಕ್ಕೆ ಮನಸೋತವರು ಕೇಳದೆ ಬಿಡುವುದಿಲ್ಲ.

ಮೊದಲು ನಿಮ್ಮ ಓಡಾಟದ ಲೆಕ್ಕ

ಕಾರು ನೋಡುವುದಕ್ಕೆ ಮೊದಲು ಒಂದು ವಾರ ನಿಮ್ಮ ಓಡಾಟವನ್ನು ಬರೆದಿಡಿ. ದಿನಕ್ಕೆ ಎಷ್ಟು ಕಿಲೋಮೀಟರ್ ಎನ್ನುವುದಕ್ಕಿಂತ, ಒಂದು ಸಲ ಇಂಜಿನ್ ಸ್ಟಾರ್ಟ್ ಮಾಡಿದರೆ ಎಷ್ಟು ದೂರ ಹೋಗುತ್ತೀರಿ ಎನ್ನುವುದು ಮುಖ್ಯ.

ಐದಾರು ಕಿಲೋಮೀಟರಿನ ಸುತ್ತುಗಳೇ ಹೆಚ್ಚಾಗಿದ್ದರೆ ಡೀಸೆಲ್ ಕಡೆ ತಿರುಗಿಯೂ ನೋಡಬೇಡಿ. ಡೀಸೆಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿರುವ ಡಿಪಿಎಫ್ ಎಂಬ ಸೋಸುಕ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ನೂರು ಕಿಲೋಮೀಟರಿಗೊಮ್ಮೆ ಆ ಮಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಡಬೇಕು, ಅದಕ್ಕೆ ಹತ್ತು ಹದಿನೈದು ನಿಮಿಷ ಎಡೆಬಿಡದ ಓಟ ಬೇಕು. ನಡುವೆಯೇ ಕಾರು ನಿಲ್ಲಿಸಿ ಆಫ್ ಮಾಡಿದರೆ, ಬಿಸಿಗೆಂದು ಹೆಚ್ಚುವರಿ ಚಿಮ್ಮಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಆಗುತ್ತಿರುವುದು ಇದೇ. ಹೀಗೆ ತೆಳುವಾದ ಆಯಿಲ್ ಮೊದಲು ತಿನ್ನುವುದು ಟರ್ಬೊ ಬೇರಿಂಗನ್ನು, ಆಮೇಲೆ ಇಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ಟೈಮಿಂಗ್ ಚೈನನ್ನು. ಇನ್ನು ಮಸಿ ಸುಟ್ಟರೂ ಬೂದಿ ಉಳಿಯುತ್ತದೆ. ಬೂದಿ ತುಂಬಿದ ಸೋಸುಕವನ್ನು ಹೆದ್ದಾರಿಯಲ್ಲಿ ಎಷ್ಟು ಓಡಿಸಿದರೂ ಖಾಲಿಯಾಗದು, ಬಿಚ್ಚಿ ತೊಳೆಸಬೇಕು ಅಥವಾ ಬದಲಿಸಬೇಕು.

ವರ್ಷಕ್ಕೆ 20,000 ಕಿಲೋಮೀಟರ್ ಮೇಲೆ, ಅದರಲ್ಲಿ ಬಹುಪಾಲು ಹೆದ್ದಾರಿಯಲ್ಲೇ ಓಡಿಸುವವರಿಗೆ ಡೀಸೆಲ್ ಈಗಲೂ ಚೆನ್ನ. ಎರಡರ ನಡುವೆ ಇರುವವರಿಗೆ ಪೆಟ್ರೋಲ್. ಊರೊಳಗಿನ ಟ್ರಾಫಿಕ್ಕೇ ಜೀವನ ಎನ್ನುವವರಿಗೆ ಹೈಬ್ರಿಡ್.

ಗೇರ್‌ಬಾಕ್ಸ್

ಈ ವರ್ಗದಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಎಕ್ಸ್‌ಸಿ40 ಮತ್ತು ಎರಡನೇ ತಲೆಮಾರಿನ ಎಕ್ಸ್1ನ ಬಹುತೇಕ ಮಾದರಿಗಳಲ್ಲಿರುವುದು ಐಸಿನ್ ಕಂಪನಿಯ 8 ಸ್ಪೀಡ್ ಟಾರ್ಕ್ ಕನ್ವರ್ಟರ್, ಅಂದರೆ ಇಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ ಆಟೊಮ್ಯಾಟಿಕ್. ಟ್ರಾಫಿಕ್ಕಿನಲ್ಲಿ ತೆವಳುವವರಿಗೆ ಇದರಷ್ಟು ಸಹನೆಯ ಗೇರ್‌ಬಾಕ್ಸ್ ಬೇರೆ ಇಲ್ಲ. ಕ್ಯೂ3 ಮತ್ತು ಜಿಎಲ್‌ಎಯಲ್ಲಿರುವುದು ಡ್ಯುಯಲ್ ಕ್ಲಚ್, ಅಂದರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್. ಇದರ ಗೇರ್ ಬದಲಾವಣೆ ಚುರುಕು, ಆದರೆ ಇಂಚಿಂಚಾಗಿ ತೆವಳುವಾಗ ಕ್ಲಚ್ ಪ್ಲೇಟುಗಳು ಉಜ್ಜಿಕೊಂಡೇ ಇರಬೇಕಾಗುತ್ತದೆ. ಎನ್‌ಎಕ್ಸ್ ಹೈಬ್ರಿಡ್‌ನಲ್ಲಿರುವುದು ಪ್ಲಾನೆಟರಿ ಗೇರು ಮತ್ತು ಎರಡು ಮೋಟರು. ಹೆಸರಲ್ಲಿ ಸಿವಿಟಿ (ಮೆಟ್ಟಿಲಿಲ್ಲದ ಗೇರ್) ಇದ್ದರೂ ಸವೆಯುವ ಬೆಲ್ಟ್ ಒಳಗಿಲ್ಲ, ಕ್ಲಚ್ಚೂ ಇಲ್ಲ.

ಮೂರಕ್ಕೂ ಅನ್ವಯಿಸುವ ಮಾತೊಂದಿದೆ. ‘ಲೈಫ್‌ಟೈಮ್ ಫಿಲ್’ ಎಂದು ಬರೆದಿರುವ ಗೇರ್ ಆಯಿಲ್‌ನಲ್ಲಿ ಲೈಫ್‌ಟೈಮ್ ಯಾರದ್ದು ಎಂದು ಯೋಚಿಸಿ. ಸಾಮಾನ್ಯವಾಗಿ ಅದು ಮೊದಲ ಮಾಲೀಕನ ವಾರಂಟಿಯ ಆಯುಷ್ಯ. ಟಾರ್ಕ್ ಕನ್ವರ್ಟರ್‌ಗೆ 80,000ದಿಂದ 1,00,000 ಕಿಲೋಮೀಟರ್ ಒಳಗೆ, ಆಯಿಲ್‌ನಲ್ಲಿ ಮುಳುಗಿರುವ ‘ಒದ್ದೆ’ ಡ್ಯುಯಲ್ ಕ್ಲಚ್‌ಗೆ 50,000–60,000ಕ್ಕೊಮ್ಮೆ ಆಯಿಲ್ ಬದಲಾಗಿರಬೇಕು. ಬದಲಾಗಿಲ್ಲ ಎಂದರೆ ಆ ಖರ್ಚನ್ನು ಕಾರಿನ ಬೆಲೆಯಿಂದ ಕಳೆದೇ ಮಾತಾಡಿ.

ಸರ್ವಿಸ್ ದಾಖಲೆ, ರಿಪೇರಿ ನಂಟು, ಎತ್ತಿಡುವ ಹಣ

ಬಿಎಂಡಬ್ಲ್ಯೂ, ಆಡಿಗಳು ಎರಡು ವರ್ಷ ಅಥವಾ 30,000 ಕಿಲೋಮೀಟರ್‌ವರೆಗೂ ಇಂಜಿನ್ ಆಯಿಲ್ ಓಡಿಸಲು ಅವಕಾಶ ಕೊಟ್ಟಿದ್ದವು. ಕಂಪನಿ ಕೊಟ್ಟ ಅವಧಿಯನ್ನೇ ಚಾಚೂ ತಪ್ಪದೆ ಪಾಲಿಸಿದ ಕಾರಿಗಿಂತ, ವರ್ಷಕ್ಕೊಮ್ಮೆ ಅಥವಾ 10,000–12,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿದ ಕಾರೇ ಮೇಲು. ಬಿಲ್ಲಿನಲ್ಲಿ ಆಯಿಲ್‌ನ ದರ್ಜೆಯನ್ನೂ ನೋಡಿ: ಬಿಎಂಡಬ್ಲ್ಯೂಗೆ ಎಲ್‌ಎಲ್-01 ಅಥವಾ ಎಲ್‌ಎಲ್-04, ಆಡಿಗೆ ವಿಡಬ್ಲ್ಯೂ 504 00/507 00, ಮರ್ಸಿಡಿಸ್‌ಗೆ ಎಂಬಿ 229.5 ಅಥವಾ 229.51. ಇಂಜಿನ್ನಿಗೆ ತಕ್ಕ ದರ್ಜೆ ಕೈಪಿಡಿಯಲ್ಲಿರುತ್ತದೆ. ಬರೀ ‘ಸಿಂಥೆಟಿಕ್ ಆಯಿಲ್’ ಎಂದಷ್ಟೇ ಬರೆದ ಬಿಲ್ಲು ಅನುಮಾನಕ್ಕೆ ಜಾಗ ಕೊಡುತ್ತದೆ.

ನಿಮ್ಮ ಸುತ್ತಮುತ್ತ ಆ ಬ್ರ್ಯಾಂಡ್ ಬಲ್ಲ ಸ್ವತಂತ್ರ ಗ್ಯಾರೇಜ್ ಇದೆಯೇ ಎಂದು ಮೊದಲೇ ವಿಚಾರಿಸಿ. ಪರೀಕ್ಷೆ ಸುಲಭ. ಕಾರಿನ ಕಂಪ್ಯೂಟರ್ ಓದುವ ಸಾಫ್ಟ್‌ವೇರ್, ಅಂದರೆ ಬಿಎಂಡಬ್ಲ್ಯೂಗೆ ಇಸ್ಟಾ, ಆಡಿಗೆ ವಿಸಿಡಿಎಸ್ ಅಥವಾ ಓಡಿಸ್, ಮರ್ಸಿಡಿಸ್‌ಗೆ ಜೆಂಟ್ರಿ, ವೋಲ್ವೋಗೆ ವಿಡಾ, ಲೆಕ್ಸಸ್‌ಗೆ ಟೆಕ್‌ಸ್ಟ್ರೀಮ್ ಇದೆಯೇ ಎಂದು ಕೇಳಿ. ಇವಿಲ್ಲದ ಗ್ಯಾರೇಜಿನಲ್ಲಿ ಬಿಎಂಡಬ್ಲ್ಯೂ ಬ್ಯಾಟರಿ ಬದಲಿಸಿದರೂ ಕಾರಿಗೆ ಅದನ್ನು ‘ರಿಜಿಸ್ಟರ್’ ಮಾಡಲು ಆಗದು, ಹೊಸ ಬ್ಯಾಟರಿಯನ್ನೂ ಹಳೆಯದೆಂದೇ ಬಗೆದು ಕಾರು ತಪ್ಪಾಗಿ ಚಾರ್ಜ್ ಮಾಡುತ್ತದೆ. ಹಿಂದಿನ ಬ್ರೇಕ್ ಪ್ಯಾಡ್ ಹಾಕುವುದಕ್ಕೂ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕನ್ನು ಸರ್ವಿಸ್ ಮೋಡ್‌ಗೆ ಹಾಕಬೇಕು.

ಕೈಲಿರುವುದನ್ನೆಲ್ಲ ಕಾರಿಗೇ ಸುರಿಯಬೇಡಿ. ಆರು ವರ್ಷದೊಳಗಿನ ಕಾರಾದರೆ ಕೊಂಡ ಬೆಲೆಯ ಹತ್ತರಲ್ಲೊಂದು ಪಾಲು, ಅದಕ್ಕಿಂತ ಹಳೆಯದಾದರೆ ಐದರಲ್ಲೊಂದು ಪಾಲು ಮೊದಲ ವರ್ಷಕ್ಕೆಂದು ಎತ್ತಿಡಿ. ನಾಲ್ಕು ಟೈರು, ಒಂದು ಎಜಿಎಂ ಬ್ಯಾಟರಿ, ಮುಂದಿನ ಡಿಸ್ಕು ಪ್ಯಾಡು, ಎಲ್ಲಾ ಆಯಿಲ್‌ಗಳು. ಯಾವ ಭಾಗವೂ ಕೆಡದಿದ್ದರೂ ಇಷ್ಟಕ್ಕೇ ಆ ಹಣದ ಬಹುಪಾಲು ಕರಗುತ್ತದೆ.

ಬಿಎಂಡಬ್ಲ್ಯೂ ಎಕ್ಸ್1

ಒಂದೇ ಹೆಸರಿನಲ್ಲಿ ಎರಡು ಬೇರೆಯೇ ಕಾರುಗಳಿವೆ. 2009ರಿಂದ 2015ರವರೆಗಿನ ಇ84, ಹಿಂದಿನ ಚಕ್ರ ತಳ್ಳುವ 3 ಸೀರೀಸ್ ತಳಹದಿಯ ಮೇಲೆ ಕಟ್ಟಿದ್ದು. ಓಡಿಸಲು ಸೊಗಸು, ಹಿಂದೆ ಕೂರಲು ಇಕ್ಕಟ್ಟು. 2015ರಿಂದ 2022ರವರೆಗಿನ ಎಫ್48 ಮುಂದಿನ ಚಕ್ರ ಎಳೆಯುವ ತಳಹದಿಯದು. ಓಡಿಸುವ ಮಜಾ ಸ್ವಲ್ಪ ಕಡಿಮೆ, ಜಾಗ ಧಾರಾಳ. ಡಿಕ್ಕಿ 505 ಲೀಟರ್, ಹಿಂದಿನ ಸೀಟಿನಲ್ಲಿ ಉದ್ದ ಕಾಲಿನವರೂ ಆರಾಮ.

ಇ84 ಡೀಸೆಲ್‌ನ ಎನ್47 ಇಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇರುವುದು ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಪಕ್ಕ. ಚೈನ್ ಸಡಿಲವಾದರೆ ಬದಲಿಸಲು ಗೇರ್‌ಬಾಕ್ಸೋ ಇಂಜಿನ್ನೋ ಕೆಳಗಿಳಿಯಲೇಬೇಕು. ಪೆಟ್ರೋಲ್‌ನ ಎನ್20 ಇಂಜಿನ್ನಿನಲ್ಲಿ ಚೈನಿನ ಪ್ಲಾಸ್ಟಿಕ್ ಗೈಡುಗಳು ಪುಡಿಯಾಗಿ ಆಯಿಲ್ ಸಂಪಿಗೆ ಬೀಳುತ್ತವೆ. ಆಕ್ಸಿಲರೇಟರ್ ಒತ್ತುತ್ತಿದ್ದಂತೆ ಸೂಪರ್‌ಚಾರ್ಜರಿನಂತೆ ಸಣ್ಣಗೆ ಕೀರಲು ದನಿ ಏರಿದರೆ ಆ ಕಾರನ್ನು ಅಲ್ಲಿಗೇ ಬಿಡಿ. ಚೈನ್, ಗೈಡ್ ಬದಲಿಸಿದ ಬಿಲ್ ಇರುವ ಇ84 ಸಿಕ್ಕರೆ ಮಾತ್ರ ಯೋಚಿಸಬಹುದು.

ಎಫ್48ನ ಬಿ48 ಪೆಟ್ರೋಲ್ ಮತ್ತು ಬಿ47 ಡೀಸೆಲ್ ಇವುಗಳಿಗಿಂತ ಎಷ್ಟೋ ಗಟ್ಟಿ. ಬಿ48ರಲ್ಲಿ ನೋಡಬೇಕಾದ್ದು ಆಯಿಲ್ ಫಿಲ್ಟರ್ ಹೌಸಿಂಗ್. ಪ್ಲಾಸ್ಟಿಕ್ಕಿನ ಈ ಭಾಗ ಬಿಸಿಗೆ ವಕ್ರವಾಗಿ ಆಯಿಲ್ಲೋ ಕೂಲೆಂಟೋ ಒಸರುತ್ತದೆ. ಬಿ47ರಲ್ಲಿ ನೋಡಬೇಕಾದ್ದು ಇಜಿಆರ್ ಕೂಲರ್, ಅಂದರೆ ಇಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ತಂಪಾಗಿಸುವ ಭಾಗ. ಅದರೊಳಗಿಂದ ಕೂಲೆಂಟ್ ಸೋರಿ ಮಸಿಯ ಜೊತೆ ಬೆರೆತು, ಬಿಸಿಗೆ ಹೊತ್ತಿಕೊಂಡು ಇನ್‌ಟೇಕ್ ಮ್ಯಾನಿಫೋಲ್ಡನ್ನು ಕರಗಿಸುವ ಅಪಾಯವಿದ್ದುದರಿಂದ 2018ರಲ್ಲಿ ಬಿಎಂಡಬ್ಲ್ಯೂ ದೊಡ್ಡ ರೀಕಾಲ್ ಮಾಡಿತು, ಅಂದರೆ ಕಾರುಗಳನ್ನು ವಾಪಸ್ ಕರೆಸಿ ರಿಪೇರಿ ಮಾಡಿತು. ಚಾಸಿಸ್ ನಂಬರ್ ಕೊಟ್ಟರೆ ಆ ಕೆಲಸ ಮುಗಿದಿದೆಯೇ ಎಂದು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹೇಳುತ್ತಾರೆ.

ಮಾಲೀಕರ ದೊಡ್ಡ ದೂರು ಸವಾರಿಯ ಗಡಸುತನ. ಅರ್ಧ ತಪ್ಪು ಸಸ್ಪೆನ್ಷನ್‌ದು, ಇನ್ನರ್ಧ ರನ್‌ಫ್ಲಾಟ್ ಟೈರಿನದು. ರನ್‌ಫ್ಲಾಟ್ ಗಾಳಿ ಹೋದ ಮೇಲೂ ಗಂಟೆಗೆ 80 ಕಿಲೋಮೀಟರ್ ವೇಗ ಮೀರದಂತೆ ಸುಮಾರು 80 ಕಿಲೋಮೀಟರ್ ಓಡುತ್ತದೆ, ಆದರೆ ಅದರ ಗೋಡೆ ಗಟ್ಟಿ. ಸಾಮಾನ್ಯ ಟೈರಿಗೆ ಬದಲಾಯಿಸಿದವರೆಲ್ಲ ಬೇರೆ ಕಾರೇ ಆಯಿತು ಎನ್ನುತ್ತಾರೆ. ಸ್ಟೆಪ್ನಿ ಇಲ್ಲದ ಕಾರಾದರೆ ಗಾಳಿ ಪಂಪು, ಪಂಕ್ಚರ್ ಕಿಟ್ ಡಿಕ್ಕಿಯಲ್ಲಿರಲಿ. ಇನ್ನೊಂದು ಸೂಕ್ಷ್ಮ: ಕೆಲವು ಚಿಕ್ಕ ಪೆಟ್ರೋಲ್ ಮಾದರಿಗಳಲ್ಲಿ 2018ರ ಸುಮಾರಿನಿಂದ ಐಸಿನ್ ಬದಲು 7 ಸ್ಪೀಡ್ ಡ್ಯುಯಲ್ ಕ್ಲಚ್ ಬಂದಿದೆ. ಮಾರುವವರಿಗೂ ಇದು ಗೊತ್ತಿರುವುದಿಲ್ಲ, ಚಾಸಿಸ್ ನಂಬರಿನಿಂದ ಖಚಿತಪಡಿಸಿಕೊಳ್ಳಿ.

ಆಡಿ ಕ್ಯೂ3

ಮೊದಲ ತಲೆಮಾರು (8ಯು, 2011–2018) ಈ ಐದರಲ್ಲಿ ಒಳಾಂಗಣದ ಕೆಲಸ ಅತಿ ಅಚ್ಚುಕಟ್ಟಾಗಿ ಉಳಿದಿರುವ ಹಳೇ ಕಾರು. ಹತ್ತು ವರ್ಷವಾದರೂ ಡ್ಯಾಶ್‌ಬೋರ್ಡ್ ಕಿರುಗುಟ್ಟುವುದಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕ್ವಾಟ್ರೋ ಮಾದರಿಗಳ ಡಿಕ್ಯೂ500 ಗೇರ್‌ಬಾಕ್ಸ್ ಫೋಕ್ಸ್‌ವ್ಯಾಗನ್ ಬಳಗದ ಡ್ಯುಯಲ್ ಕ್ಲಚ್‌ಗಳಲ್ಲೇ ಗಟ್ಟಿಗ, ಒದ್ದೆ ಕ್ಲಚ್‌ನದು. 60,000 ಕಿಲೋಮೀಟರಿಗೊಮ್ಮೆ ಆಯಿಲ್, ಫಿಲ್ಟರ್ ಬದಲಿಸಿದ್ದರೆ ಅದರ ಬಗ್ಗೆ ನಿದ್ದೆಗೆಡಬೇಕಿಲ್ಲ.

ಇಂಜಿನ್ನಿನಲ್ಲಿ ಇಸವಿ ನೋಡಿ ಆರಿಸಬೇಕು. ಮೊದಲ ವರ್ಷಗಳ 2.0 ಟಿಎಫ್‌ಎಸ್‌ಐ (ಆಡಿಯ ಟರ್ಬೊ ಪೆಟ್ರೋಲ್), ಇಎ888 ಇಂಜಿನ್ ಸರಣಿಯ ಎರಡನೇ ಪೀಳಿಗೆ. ಪಿಸ್ಟನ್ ರಿಂಗಿನ ದೋಷದಿಂದ ಆಯಿಲ್ ಕುಡಿಯುವುದು, ಚೈನ್ ಟೆನ್ಷನರ್ ಕೈಕೊಡುವುದು ಎರಡೂ ಇದರ ಹೆಸರಿಗೆ ಅಂಟಿಕೊಂಡಿವೆ. ಒಂದು ಸರ್ವಿಸಿನಿಂದ ಇನ್ನೊಂದಕ್ಕೆ ಎಷ್ಟು ಲೀಟರ್ ಆಯಿಲ್ ಮೇಲೆ ಹಾಕಿದಿರಿ ಎಂದು ಮಾಲೀಕರನ್ನು ಕೇಳಿ, ಉತ್ತರಕ್ಕಿಂತ ಉತ್ತರಿಸುವ ರೀತಿ ಗಮನಿಸಿ. 2015ರ ಫೇಸ್‌ಲಿಫ್ಟ್ ನಂತರ ಬಂದ ಮೂರನೇ ಪೀಳಿಗೆಯಲ್ಲಿ ಇವು ಬಹಳ ಸುಧಾರಿಸಿವೆ. ಅದರ ದೌರ್ಬಲ್ಯ ಬೇರೆ: ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಅಡಗಿರುವ ವಾಟರ್ ಪಂಪ್, ಥರ್ಮೋಸ್ಟಾಟ್ ಎರಡೂ ಸೇರಿದ ಪ್ಲಾಸ್ಟಿಕ್ ಮಾಡ್ಯೂಲ್. ಟಾರ್ಚ್ ಬಿಟ್ಟು ನೋಡಿದರೆ ಒಣಗಿದ ಗುಲಾಬಿ ಬಣ್ಣದ ಕಲೆ ಕಾಣುತ್ತದೆ. 1.4 ಟಿಎಫ್‌ಎಸ್‌ಐಗೆ ಚೈನ್ ಬದಲು ಬೆಲ್ಟ್ ಇದೆ. ಊರೊಳಗಿನ ಓಡಾಟಕ್ಕೆ ಇದು ಸಾಕು, ಬೀಗುವಷ್ಟು ಪಿಕಪ್ ಮಾತ್ರ ಇಲ್ಲ. ಇಎ189 ಡೀಸೆಲ್ 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಬಳಗದ ಹೊಗೆ ಹಗರಣದ ಇಂಜಿನ್. ಸಾಫ್ಟ್‌ವೇರ್ ಬದಲಿಸಿದ ಮೇಲೆ ಇಜಿಆರ್ ಬೇಗ ಕಟ್ಟಿಕೊಳ್ಳುತ್ತದೆಂದು ದೂರುವ ಮಾಲೀಕರಿದ್ದಾರೆ. ಅಪ್‌ಡೇಟ್ ಆಗಿದೆಯೇ, ಇಜಿಆರ್ ಬದಲಾಗಿದೆಯೇ ಎರಡನ್ನೂ ಕೇಳಿ.

ಕ್ವಾಟ್ರೋ ಕೊಳ್ಳುವವರು ಹಾಲ್ಡೆಕ್ಸ್ ಬಗ್ಗೆ ತಿಳಿದಿರಲೇಬೇಕು. ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಈ ಕಪ್ಲಿಂಗ್‌ನ ಐದನೇ ಪೀಳಿಗೆಯಲ್ಲಿ ಬದಲಿಸುವಂಥ ಫಿಲ್ಟರ್ ಇಲ್ಲ, ಪಂಪಿನ ಬಾಯಲ್ಲಿ ಚಿಕ್ಕ ಜಾಲರಿಯಷ್ಟೇ ಇದೆ. ಕ್ಲಚ್‌ನ ಪುಡಿ ಆ ಜಾಲರಿಗೆ ಮೆತ್ತಿಕೊಂಡರೆ ಪಂಪು ಏದುಸಿರು ಬಿಟ್ಟು ಸುಟ್ಟುಹೋಗುತ್ತದೆ. ಬೇಸರದ ಸಂಗತಿಯೆಂದರೆ ಡ್ಯಾಶ್‌ಬೋರ್ಡಿನಲ್ಲಿ ದೀಪವೂ ಹತ್ತದೆ, ಕಾರು ಮುಂದಿನ ಚಕ್ರದ ಕಾರಾಗಿಯೇ ವರ್ಷಗಟ್ಟಲೆ ಓಡಿರಬಹುದು. ಮೂರು ವರ್ಷಕ್ಕೊಮ್ಮೆ ಪಂಪ್ ಬಿಚ್ಚಿ ಜಾಲರಿ ತೊಳೆದು ಆಯಿಲ್ ಹಾಕಬೇಕು, ಬೇಕಾಗುವುದು ಒಂದು ಲೀಟರ್‌ಗಿಂತ ಕಡಿಮೆ. ಆಯಿಲ್ ಮಾತ್ರ ಬದಲಿಸಿ ಜಾಲರಿ ಮುಟ್ಟದ ಸರ್ವಿಸ್ ಅರ್ಧ ಕೆಲಸ. ಪರೀಕ್ಷಿಸಲು ಜಲ್ಲಿಯ ಮೇಲೆ ನಿಂತು ಥಟ್ಟನೆ ಹೊರಡಿ. ಮುಂದಿನ ಚಕ್ರ ಗಿರಗಿರನೆ ತಿರುಗಿ ಹಿಂದಿನದು ಸುಮ್ಮನಿದ್ದರೆ ಅನುಮಾನವಿಲ್ಲ. ಎಕ್ಸ್‌ಸಿ40ಯ ನಾಲ್ಕು ಚಕ್ರದ ಮಾದರಿಗಳಲ್ಲೂ ಇರುವುದು ಇದೇ ಕಪ್ಲಿಂಗ್.

ಎರಡನೇ ತಲೆಮಾರು (ಎಫ್3, 2018ರಿಂದ) ಉದ್ದ, ಅಗಲ ಎರಡರಲ್ಲೂ ಬೆಳೆದಿದೆ. ಹಿಂದಿನ ಸೀಟು ಹಿಂದೆ ಮುಂದೆ ಸರಿಯುತ್ತದೆ, ಅದಕ್ಕೆ ತಕ್ಕಂತೆ ಡಿಕ್ಕಿ 530ರಿಂದ 675 ಲೀಟರ್. ಜಾಗ ಬೇಕು, ಹಣವೂ ಇದೆ ಎಂದರೆ ಹಳೆಯದನ್ನು ಮರೆತು ಇದನ್ನೇ ನೋಡಿ.

ಮರ್ಸಿಡಿಸ್ ಜಿಎಲ್‌ಎ

ಮೊದಲ ತಲೆಮಾರಿನ ಎಕ್ಸ್156 (2013–2020) ನಿಜಕ್ಕೂ ಎತ್ತರಿಸಿದ ಹ್ಯಾಚ್‌ಬ್ಯಾಕ್. ಡಿಕ್ಕಿ 421 ಲೀಟರ್, ಹಿಂದಿನ ಸೀಟಿನಲ್ಲಿ ತಲೆಗೂ ಚಾವಣಿಗೂ ನಡುವೆ ಜಾಗ ಕಡಿಮೆ, ಹಿಂಬದಿಯ ಕಿಟಕಿ ಕಿರಿದು. ಇಬ್ಬರಿಗೆ, ಅಪರೂಪಕ್ಕೆ ಮೂರನೆಯವರಿಗೆ ಚೆಂದದ ಕಾರು. ವಯಸ್ಸಾದವರನ್ನು ಹಿಂದೆ ಕೂರಿಸುವ ಮನೆಗೆ ಇದು ಹೊಂದದು.

7ಜಿ-ಡಿಸಿಟಿ ಗೇರ್‌ಬಾಕ್ಸ್‌ನ ಆಯಿಲ್ ದಾಖಲೆಯೇ ಇಲ್ಲಿ ಅಗ್ರಪೂಜೆಗೆ ಅರ್ಹ. ಅದಿಲ್ಲದಿದ್ದರೆ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ನೋಡಿ: ಸಮತಟ್ಟಿನಲ್ಲಿ ಬ್ರೇಕ್ ಬಿಟ್ಟಾಗ ನಡುಗದೆ ತೆವಳಬೇಕು, ನಿಲ್ಲುವಾಗ ಎರಡರಿಂದ ಒಂದನೇ ಗೇರಿಗೆ ಇಳಿಯುವಾಗ ಹಿಂದಿನಿಂದ ಯಾರೋ ತಳ್ಳಿದಂತಾಗಬಾರದು, ಸಣ್ಣ ಏರಿನಲ್ಲಿ ರಿವರ್ಸ್ ಹೋಗುವಾಗ ಜರ್ಕ್ ಇರಬಾರದು. ಎಂ270 ಪೆಟ್ರೋಲ್ ಇಂಜಿನ್ನಿನಲ್ಲಿ ತಣ್ಣಗಿರುವಾಗ ವಾಲ್ವಿನ ಸಮಯ ಹೊಂದಿಸುವ ಕ್ಯಾಮ್ ಅಡ್ಜಸ್ಟರಿನ ಗರಗರ, ಆಕ್ಸಿಲರೇಟರ್ ಬಿಟ್ಟಾಗ ಟರ್ಬೊ ಒತ್ತಡ ಹತೋಟಿಯಲ್ಲಿಡುವ ವೇಸ್ಟ್‌ಗೇಟಿನ ಸಣ್ಣ ತಗಡು ಶಬ್ದ, ಇವೆರಡಕ್ಕೆ ಕಿವಿ ಕೊಡಿ. ಎರಡನೆಯದು ಇಂಜಿನ್ ಕೆಡಿಸುವಂಥದಲ್ಲ, ಆದರೆ ರಿಪೇರಿಗೆ ಟರ್ಬೊ ಬದಲಿಸಿ ಎನ್ನುವವರೇ ಜಾಸ್ತಿ.

2020ರ ಎರಡನೇ ತಲೆಮಾರು, ಎಚ್247, ಹತ್ತು ಸೆಂಟಿಮೀಟರಿಗೂ ಹೆಚ್ಚು ಎತ್ತರವಾಯಿತು, ಆಗ ಇದು ಎಸ್‌ಯುವಿ ಎನಿಸಿಕೊಂಡಿತು. ಅದರ 1.3 ಲೀಟರ್ ಪೆಟ್ರೋಲ್ ರೆನೋ ಜೊತೆಗೂಡಿ ರೂಪಿಸಿದ್ದು. ಕೆಲವರು ಇದನ್ನು ಕುಂದೆಂದು ಹೇಳುತ್ತಾರೆ. ಬಿಡಿಭಾಗ ಹುಡುಕುವ ದಿನ ಬಂದಾಗ ಅದೇ ಅನುಕೂಲವಾಗಬಹುದು.

ವೋಲ್ವೋ ಎಕ್ಸ್‌ಸಿ40

2017ರ ಕೊನೆಗೆ ಬಂದು 2018ರ ಯುರೋಪಿಯನ್ ಕಾರ್ ಆಫ್ ದಿ ಇಯರ್ ಪ್ರಶಸ್ತಿ ಗೆದ್ದ ಕಾರು. ಹೊರಗಿನ ಉದ್ದ ಎಫ್48 ಎಕ್ಸ್1ಗಿಂತ ಕೂದಲೆಳೆ ಕಡಿಮೆ, ಚಕ್ರಗಳ ನಡುವಿನ ಅಂತರ ಅದಕ್ಕಿಂತ ಹೆಚ್ಚು. ಬಾಗಿಲಿನ ಜೇಬುಗಳಿಂದ ಸ್ಪೀಕರನ್ನೇ ಎತ್ತಂಗಡಿ ಮಾಡಿದ್ದರಿಂದ ಲ್ಯಾಪ್‌ಟಾಪ್ ಕೂಡ ಅಲ್ಲಿ ಹಿಡಿಯುತ್ತದೆ. ದಿನವೂ ಓಡಿಸುವವರು ಮೆಚ್ಚುವುದು ಇಂಥದ್ದನ್ನೇ.

2.0 ಲೀಟರಿನ ಟಿ4, ಟಿ5 ಮತ್ತು ಡಿ3, ಡಿ4ಗಳಿಗೆ ಐಸಿನ್ 8 ಸ್ಪೀಡ್. ಪ್ಲಗ್ ಚುಚ್ಚಿ ಚಾರ್ಜ್ ಮಾಡುವ 1.5 ಲೀಟರಿನ ಟಿ5 ಟ್ವಿನ್ ಇಂಜಿನ್‌ಗಾದರೋ 7 ಸ್ಪೀಡ್ ಡ್ಯುಯಲ್ ಕ್ಲಚ್. ಹೆಸರಿನಲ್ಲಿ ಎರಡಕ್ಕೂ ‘ಟಿ5’ ಇರುವುದರಿಂದ ಎಡವುವವರು ಬಹಳ. ಇಂಜಿನ್ನುಗಳಿಗೆ ಟೈಮಿಂಗ್ ಬೆಲ್ಟ್ ಇದೆ. ಕಿಲೋಮೀಟರ್ ಕಡಿಮೆ ಓಡಿದ್ದರೂ ಹತ್ತು ವರ್ಷ ದಾಟುವ ಮುನ್ನ ಬದಲಾಗಬೇಕು, ಮೊದಮೊದಲಿನ ಕಾರುಗಳಿಗೆ ಆ ಗಡುವು ಹತ್ತಿರ ಬಂದಿದೆ. ಬೆಲೆ ಮಾತಾಡುವಾಗ ಇದನ್ನು ಮೇಜಿನ ಮೇಲಿಡಿ.

ಮಾಲೀಕರ ಗೊಣಗಾಟ ಮುಖ್ಯವಾಗಿ ಎರಡು. ಕಾರು ಭಾರವಾದ್ದರಿಂದ ಊರೊಳಗೆ ಪೆಟ್ರೋಲ್ ಕುಡಿಯುತ್ತದೆ, ಮತ್ತು ಉದ್ದುದ್ದ ನಿಂತ ಪರದೆ ಆಗಾಗ ತಾನೇ ಆಫ್ ಆಗಿ ಮರಳಿ ಬರುತ್ತದೆ. ಹೋಮ್ ಬಟನ್ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡುವುದು, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸುವುದು ಮೊದಲ ಮದ್ದು. ಬ್ಯಾಟರಿ ಎರಡಿವೆ ಎನ್ನುವುದು ಹಲವರಿಗೆ ತಿಳಿದಿರುವುದಿಲ್ಲ. ಕಾರು ನಿಂತಾಗ ಇಂಜಿನ್ ತಾನೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡುತ್ತಿಲ್ಲ, ಏನೇನೋ ಎಚ್ಚರಿಕೆ ಬರುತ್ತಿದೆ ಎಂದರೆ ಮೊದಲು ಆ ಚಿಕ್ಕ ಸಹಾಯಕ ಬ್ಯಾಟರಿ ಪರೀಕ್ಷಿಸಿ. 2019ರ ಜನವರಿಯಿಂದ ತಯಾರಾದ ಕಾರುಗಳಿಗೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯ ಸಾಫ್ಟ್‌ವೇರ್ ಸರಿಪಡಿಸಲು 2020ರಲ್ಲಿ ರೀಕಾಲ್ ಬಂದಿತ್ತು. ಸುರಕ್ಷತೆಗೆಂದೇ ವೋಲ್ವೋ ಕೊಳ್ಳುವವರು ಅದು ಆಗಿದೆಯೇ ಎಂದು ನೋಡದಿದ್ದರೆ ಹೇಗೆ?

ಲೆಕ್ಸಸ್ ಎನ್‌ಎಕ್ಸ್ 300ಎಚ್

ಉಳಿದವಕ್ಕಿಂತ ಇಪ್ಪತ್ತು ಸೆಂಟಿಮೀಟರಿನಷ್ಟು ಉದ್ದ, ಆದ್ದರಿಂದ ಹೋಲಿಕೆ ಪೂರ್ತಿ ಸರಿಸಮವಲ್ಲ. ಆದರೂ ಇದೇ ಬೆಲೆಗೆ ಮಾರುಕಟ್ಟೆಯಲ್ಲಿ ಎದುರಾಗುತ್ತದೆ. 2014ರಿಂದ 2021ರವರೆಗಿನ ಈ ಕಾರಿನ 2.5 ಲೀಟರ್ ಇಂಜಿನ್ನಿಗೆ ಟರ್ಬೊ ಇಲ್ಲ. ಕಾರಿನಲ್ಲಿ ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಎಸಿ ಕಂಪ್ರೆಸರ್ ಕೂಡ ವಿದ್ಯುತ್ತಿನದು. ಇಲ್ಲದ ಭಾಗ ಕೆಡುವುದಿಲ್ಲ. ಬ್ರೇಕ್ ಪ್ಯಾಡೂ ದುಪ್ಪಟ್ಟು ಬಾಳುತ್ತದೆ, ವೇಗ ತಗ್ಗಿಸುವ ಕೆಲಸದ ಬಹುಭಾಗ ಮೋಟರೇ ಮಾಡುತ್ತದೆ.

ಹೈಬ್ರಿಡ್ ಬ್ಯಾಟರಿ ಹಿಂದಿನ ಸೀಟಿನಡಿ ಇರುವ ನಿಕಲ್ ಮೆಟಲ್ ಹೈಡ್ರೈಡ್. ಅದನ್ನು ತಂಪಾಗಿಸುವ ಫ್ಯಾನ್ ಕಾರಿನೊಳಗಿನ ಗಾಳಿಯನ್ನೇ ಎಳೆಯುತ್ತದೆ. ಸೀಟಿನ ಬಳಿಯ ಜಾಲರಿಗೆ ನಾಯಿಕೂದಲು, ಧೂಳು ಮೆತ್ತಿಕೊಂಡರೆ ಅಥವಾ ಚೀಲ ಒರಗಿಸಿ ಮುಚ್ಚಿಟ್ಟರೆ ಬ್ಯಾಟರಿ ಬೇಯುತ್ತದೆ. ಕಾರು ನೋಡುವಾಗ ಆ ಜಾಲರಿಗೆ ಬೆರಳಾಡಿಸಿ, ಹಿಂದಿನ ಮಾಲೀಕರ ಶಿಸ್ತು ಅಲ್ಲೇ ತಿಳಿಯುತ್ತದೆ. ಟೆಕ್‌ಸ್ಟ್ರೀಮ್ ಹಚ್ಚಿ ಜೋರಾಗಿ ಓಡಿಸುವಾಗ ಬ್ಯಾಟರಿಯ ಬ್ಲಾಕುಗಳ ವೋಲ್ಟೇಜ್ ಗಮನಿಸಿ. ಎಲ್ಲವೂ ಒಟ್ಟಿಗೆ ಏರಿಳಿಯಬೇಕು. ಒಂದೆರಡು ಮಾತ್ರ ಬೇಗ ಕುಸಿದರೆ ಬದಲಾವಣೆ ದೂರವಿಲ್ಲ. ಬ್ರೇಕ್ ಒತ್ತಿ ನಿಂತಿರುವಾಗ ಬಾನೆಟ್ ಕಡೆಯಿಂದ ಕೆಲವೇ ಸೆಕೆಂಡಿಗೊಮ್ಮೆ ಪಂಪು ಗುರ್ ಎನ್ನುತ್ತಿದ್ದರೆ ಬ್ರೇಕ್ ಆಕ್ಚುಯೇಟರಿನ ಒತ್ತಡ ಒಳಗೇ ಸೋರುತ್ತಿದೆ ಎಂದರ್ಥ. ಈ ಕಾರಿನ ಅತಿ ದುಬಾರಿ ಭಾಗಗಳಲ್ಲಿ ಅದೊಂದು.

ಕೊರತೆಗಳೂ ಸಾಕಷ್ಟಿವೆ. ಓವರ್‌ಟೇಕ್ ಮಾಡುವಾಗ ಇಂಜಿನ್ ಕೂಗಾಡುತ್ತದೆ, ವೇಗ ನಿಧಾನವಾಗಿ ಏರುತ್ತದೆ. ಪರದೆಯನ್ನು ಟಚ್‌ಪ್ಯಾಡಿನಿಂದ ನಡೆಸುವ ವ್ಯವಸ್ಥೆಯನ್ನು ಹೊಗಳಿದ ಮಾಲೀಕರು ವಿರಳ. ಬೆಲೆಯೂ ಬೇಗ ಇಳಿಯದು, ಹಾಗಾಗಿ ಅದೇ ಹಣಕ್ಕೆ ಇಲ್ಲಿ ಸಿಗುವುದು ಎರಡು ಮೂರು ವರ್ಷ ಹಳೆಯದು.

ಇವೋಕ್

2015ರ ನಂತರದ 2.0 ಇಂಜೀನಿಯಂ ಡೀಸೆಲ್‌ನಲ್ಲಿ ಚೈನ್ ಹಿಂಬದಿಗಿದೆ, ಡಿಪಿಎಫ್ ಕಾರಣದ ಆಯಿಲ್ ತೆಳುವಾಗುವಿಕೆಯ ದೂರು ಜಾಸ್ತಿ, ಕಂಪನಿ ಕೊಟ್ಟ ಆಯಿಲ್ ಅವಧಿಯೂ ಉದ್ದ. ಮೂರೂ ಸೇರಿದರೆ ಏನಾಗುತ್ತದೆಂದು ಮೇಲೆಯೇ ಹೇಳಿಯಾಗಿದೆ. ಆಯಿಲ್ ಬೇಗಬೇಗ ಬದಲಿಸಿದ ದಾಖಲೆಯಿರುವ ಹೆದ್ದಾರಿ ಕಾರು ಸಿಕ್ಕರೆ ಸರಿ. ಅದಿಲ್ಲದಿದ್ದರೆ ಚಿತ್ರ ನೋಡಿ ಸಂತೋಷಪಡುವುದೇ ಅಗ್ಗ.

ಕಾರಿನ ಮುಂದೆ ನಿಂತಾಗ

ಬರುವ ಸಮಯ ತಿಳಿಸಿ, ‘ಇಂಜಿನ್ ಸ್ಟಾರ್ಟ್ ಮಾಡದೆ ಇಟ್ಟಿರಿ’ ಎಂದು ಹೇಳಿ. ಹೋದ ಕೂಡಲೆ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಯಾವುದೋ ಶಬ್ದವನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಎಂದು ಹೊರಡಿ. ತಣ್ಣಗಿದ್ದರೆ ನೀವು ಹೊರಗೆ ನಿಂತು, ಬೇರೆಯವರಿಂದ ಸ್ಟಾರ್ಟ್ ಮಾಡಿಸಿ. ಚೈನಿನ ಗರಗರ ಕೇಳುವುದು ಮೊದಲ ಎರಡು ಮೂರು ಸೆಕೆಂಡಿನಲ್ಲಿ, ಆಯಿಲ್ ಒತ್ತಡ ಏರುವವರೆಗೆ ಮಾತ್ರ.

ಆಮೇಲೆ ಟೈರು. ಗೋಡೆಯ ಮೇಲಿನ ನಾಲ್ಕಂಕಿ ನೋಡಿ: 2319 ಎಂದರೆ 2019ರ 23ನೇ ವಾರ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರಿನಲ್ಲಿ ನಾಲ್ಕು ಬೇರೆ ಬ್ರ್ಯಾಂಡಿನ ಟೈರು ಕಂಡರೆ ಕಪ್ಲಿಂಗ್ ಪಾಡೂ ಅಷ್ಟೇ ಎಂದುಕೊಳ್ಳಿ. ಪನೋರಮಿಕ್ ರೂಫ್ ಇದ್ದರೆ ಕಾಲಡಿಯ ಕಾರ್ಪೆಟ್ ಒತ್ತಿ ನೋಡಿ. ರೂಫಿನ ಮೂಲೆಯ ಸಣ್ಣ ಕೊಳವೆ ಕಟ್ಟಿಕೊಂಡರೆ ನೀರು ಕಂಬದೊಳಗಿಂದ ಇಳಿದು ಕಾರ್ಪೆಟ್ ಅಡಿಯ ವೈರಿಂಗನ್ನು ನೆನೆಸುತ್ತದೆ. ಮೇಲ್ಮೈ ಒಣಗಿದ್ದರೂ ಕೆಳಗಿನ ಫೋಮ್ ತಿಂಗಳುಗಟ್ಟಲೆ ಒದ್ದೆಯಿರುತ್ತದೆ.

ಸ್ಕ್ಯಾನ್ ಮಾಡಿಸುವಾಗ ಎರರ್ ಕೋಡಿನ ಜೊತೆಗೆ ಬೇರೆ ಬೇರೆ ಮಾಡ್ಯೂಲುಗಳಲ್ಲಿ ದಾಖಲಾದ ಕಿಲೋಮೀಟರನ್ನೂ ಓದಿಸಿ. ಮೀಟರ್ ತಿರುಗಿಸಿದವರು ಗೇರ್‌ಬಾಕ್ಸಿನ ಮಾಡ್ಯೂಲನ್ನೋ ಬಿಎಂಡಬ್ಲ್ಯೂ ಕೀಲಿಯನ್ನೋ ಮರೆತಿರುತ್ತಾರೆ. ಕೋಡುಗಳೆಲ್ಲ ನಿನ್ನೆಯಷ್ಟೇ ಅಳಿಸಿದಂತೆ ಖಾಲಿ ಖಾಲಿ ಇದ್ದರೂ ಅದೊಂದು ಸುಳಿವೇ.

ಯಾರಿಗೆ ಯಾವುದು

ಊರೊಳಗಿನ ಓಡಾಟವೇ ಹೆಚ್ಚು, ಏಳೆಂಟು ವರ್ಷ ಇಟ್ಟುಕೊಳ್ಳುವ ಆಸೆ, ವೇಗದ ಚಪಲ ಇಲ್ಲ: ಎನ್‌ಎಕ್ಸ್ 300ಎಚ್. ಹಳೆಯ ಇಸವಿಯದಾದರೂ ಪರವಾಗಿಲ್ಲ.

ಹೆದ್ದಾರಿ, ಸಾಮಾನು, ಹಿಂದೆ ಮೂವರು: ಇಜಿಆರ್ ರೀಕಾಲ್ ಮುಗಿದ ಎಫ್48 ಎಕ್ಸ್1 ಡೀಸೆಲ್. ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಕಿಲೋಮೀಟರ್ ಅಷ್ಟೇ ಎಂದರೆ ಅದರದೇ ಪೆಟ್ರೋಲ್.

ಚಿಕ್ಕ ಮಕ್ಕಳ ಮನೆ, ಊರೊಳಗೆ ಅರ್ಧ ಹೊರಗೆ ಅರ್ಧ, ಸವಾರಿ ಮೆತ್ತಗಿರಲಿ: 2019ರ ನಂತರದ ಎಕ್ಸ್‌ಸಿ40, 2.0 ಪೆಟ್ರೋಲ್. ಈ ಐದರಲ್ಲಿ ಹೆಚ್ಚಿನವರಿಗೆ ಕಣ್ಣುಮುಚ್ಚಿ ಹೇಳಬಹುದಾದ ಉತ್ತರವೂ ಇದೇ, ಪೆಟ್ರೋಲ್ ಖರ್ಚಿಗೆ ಹೆದರದಿದ್ದರೆ.

ಓಡಿಸುವುದೇ ಸುಖ ಎನ್ನುವವರು, ಗೇರ್‌ಬಾಕ್ಸ್ ಮತ್ತು ಹಾಲ್ಡೆಕ್ಸ್ ಬಿಲ್ಲುಗಳಿರುವ 2015ರ ನಂತರದ ಕ್ಯೂ3 2.0 ಕ್ವಾಟ್ರೋ ಹುಡುಕಿ. ಇಬ್ಬರೇ ಓಡಾಡುವವರು ಜಿಎಲ್‌ಎ ಕೊಂಡರೆ ತಪ್ಪಿಲ್ಲ, ಸಾಧ್ಯವಾದರೆ ಎಚ್247.

ಕೈಲಿರುವ ಹಣ ಮುಟ್ಟುವುದು 2011–13ರ ಕಾರುಗಳನ್ನು ಮಾತ್ರ ಎಂದಾದರೆ ಈ ವರ್ಗವನ್ನೇ ಬಿಟ್ಟುಬಿಡಿ. ಆ ಹಣಕ್ಕೆ ಸಾಮಾನ್ಯ ಬ್ರ್ಯಾಂಡಿನ ನಾಲ್ಕು ವರ್ಷದ ಕಾರು ಬರುತ್ತದೆ. ಹಾಗಿಲ್ಲದೆ ಹಠಕ್ಕೆ ಕೊಂಡರೆ, ಒಂದು ಚೈನ್ ಬದಲಿಸುವ ಹೊತ್ತಿಗೆ ಮೂಗಿಗಿಂತ ಮೂಗುತಿ ಭಾರ.

ಎರಡು ಕಾರುಗಳ ನಡುವೆ ಮನಸ್ಸು ತೂಗುತ್ತಿದ್ದರೆ, 60,000 ಕಿಲೋಮೀಟರ್ ಓಡಿ ದಾಖಲೆಯಲ್ಲಿ ಮೂರು ವರ್ಷ ಖಾಲಿಯಿರುವ ಕಾರಿಗಿಂತ, 1,10,000 ಓಡಿ ಪ್ರತಿ ಬಿಲ್ಲೂ ಇರುವ ಕಾರನ್ನು ಆರಿಸಿ. ಹಣ ಕೊಡುವ ಮುನ್ನ ಎರಡೂ ಕೀಲಿ ಕೈಗೆ ಬರಲಿ. ಡಿಕ್ಕಿಯ ನೆಲ ಎತ್ತಿ, ವ್ಹೀಲ್ ಲಾಕ್ ನಟ್ ಬಿಚ್ಚುವ ಚಿಕ್ಕ ಅಡಾಪ್ಟರ್ ಟೂಲ್ ಕಿಟ್ಟಿನಲ್ಲಿದೆಯೇ ನೋಡಿ, ಒಂದು ನಟ್‌ಗೆ ಹಾಕಿ ತಿರುಗಿಸಿಯೂ ನೋಡಿ. ಅದು ಕಳೆದಿರುವುದು ಸಾಮಾನ್ಯವಾಗಿ ಗೊತ್ತಾಗುವುದು ರಾತ್ರಿ ಹೆದ್ದಾರಿ ಪಕ್ಕದಲ್ಲಿ, ಗಾಳಿ ಹೋದ ಟೈರಿನ ಮುಂದೆ ಕೂತಾಗ.